ಅಗ್ಗಿಷ್ಟಿಗೆಯಿಲ್ಲದ ಬಾಣಂತನ

ಹೆಣ್ಣುಮಕ್ಕಳು ತಾಯಿಯಾಗಬೇಕೆಂದು ಆಸೆಪಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನನಗಿದ್ದ ಆಸೆ ಬಾಣಂತಿಯಾಗಬೇಕೆಂಬುದು. ಎರಡೂ ಒಂದೇ ಅಂದುಕೊಳ್ಳುವವರು ಮೂರನೆಯ ಮಗಳಾಗಿ ಹುಟ್ಟಿದವರಲ್ಲ.

ವಿಜಯಪುರದ ನಮ್ಮ ಮನೆಯಲ್ಲಿ ಪಡಸಾಲೆಯ ಪಕ್ಕಕ್ಕೊಂದು ಕತ್ತಲೆ ಕೋಣೆ ಇತ್ತು. ಅಕ್ಕಂದಿರಿಬ್ಬರೂ ಹೆರಿಗೆಗೆ ಬಂದಾಗ ಅದು ಬಾಣಂತಿ ಕೋಣೆಯಾಗುತ್ತಿತ್ತು. ಅವ್ವ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಳು. ಹೊರಸಿನ ಮೇಲೆ ಅಕ್ಕ, ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ, ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ ಮತ್ತು ಸಾಂಬ್ರಾಣಿಯ ಹೊಗೆ. ಅಕ್ಕನ ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಕೈಯಲ್ಲಿ ತುಪ್ಪ ಸುರಿಯುವ ಅಂಟಿನ ಉಂಡಿ. ಅವ್ವ ಅವಳ ಕಾಲ ಬಳಿ ಕೂತು ಮೀನಖಂಡ ಒತ್ತುತ್ತಾ ಏನೇನೋ ಪಿಸುಮಾತು ಆಡುತ್ತಿದ್ದಳು. ನಾನು ಶಾಲೆಯ ಚೀಲ ಹೆಗಲಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತರೆ, "ಬಾಗಲಾ ಹಾಕ್ಕೊಂಡು ಹೋಗು, ಗಾಳಿ ಹೊಕ್ಕತದ" ಅನ್ನುತ್ತಿದ್ದಳು. ಇನ್ನೊಂದು ಮಾತಿಲ್ಲ. ನಾನು ಬಾಗಿಲು ಹಾಕಿಕೊಂಡು ಹೊರಗೇ ನಿಂತು ಹೊಗೆಯ ವಾಸನೆ ನೋಡುತ್ತಿದ್ದೆ.

ಮೂರನೆಯವಳಿಗೆ ಎಲ್ಲವೂ ಇಳಿದು ಬಂದದ್ದೇ. ಅಂಗಿ, ಪುಸ್ತಕ, ಕಂಪಾಸು ಪೆಟ್ಟಿಗೆ, ತಲೆಗೆ ಹಾಕುವ ರಿಬ್ಬನ್ನು ಕೂಡ. ಅವ್ವ ಮಾತ್ರ ಇಳಿದು ಬರಲೇ ಇಲ್ಲ. ಹತ್ತಾರು ಜನರ ಮನೆ, ಅಪ್ಪನ ಅಂಗಡಿಗೆ ಬರುವ ನೆಂಟರು, ಅಕ್ಕಂದಿರು, ಅವರ ಮಕ್ಕಳು. ಎಲ್ಲರಿಗೂ ಬಡಿಸಿದ ಮೇಲೆ ಉಳಿದರೆ ನನಗೆ. ಅದಕ್ಕೇ ಆ ಬಾಗಿಲ ಹೊರಗೆ ನಿಂತು ಲೆಕ್ಕ ಹಾಕಿಟ್ಟುಕೊಂಡಿದ್ದೆ: ಒಂದು ದಿನ ನಾನೂ ಹಡೆಯುತ್ತೇನೆ, ಆ ಹೊರಸಿನ ಮೇಲೆ ಮಲಗುತ್ತೇನೆ, ಬಾಗಿಲು ಹಾಕಿಸುತ್ತೇನೆ, ಅವ್ವ ಒಳಗಿರುತ್ತಾಳೆ.

ಮದುವೆಯಾಗಿ ಮುಂಬೈಗೆ ಬಂದೆ. ಗಂಡನದು ಬೆಳಗಾವಿ ಕಡೆಯ ಮನೆತನ, ಸಂಬಳದ ನೌಕರಿ, ಆಂಟಾಪ್ ಹಿಲ್‌ನಲ್ಲಿ ಎರಡನೆಯ ಮಾಳಿಗೆಯ ಮೇಲೆ ಒಂದು ಪುಟ್ಟ ಮನೆ. ಬಸುರಾದೆ. ಏಳನೆಯ ತಿಂಗಳಲ್ಲಿ ಬಿಪಿ ಏರಿತು, ರೈಲಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಬೇಡ ಎಂದರು ಡಾಕ್ಟರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಅಂತ ಎಲ್ಲರೂ ಪೇಚಾಡಿಕೊಂಡರು. ನನಗೋ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ವಿಜಯಪುರಕ್ಕೆ ಹೋಗಿದ್ದರೆ ಅಕ್ಕಂದಿರು ಬರುತ್ತಿದ್ದರು, ಅವರ ಮಕ್ಕಳು ಬರುತ್ತಿದ್ದರು, ಓಣಿಯ ಹೆಂಗಸರೆಲ್ಲ ಬಂದು ಅವ್ವನನ್ನು ಹಂಚಿಕೊಳ್ಳುತ್ತಿದ್ದರು. ಇಲ್ಲಿ ಯಾರಿದ್ದಾರೆ? ಗಂಡ ಬೆಳಿಗ್ಗೆ ಲೋಕಲ್ ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಇಡೀ ದಿನ ಅವ್ವ, ನಾನು.

ಅವ್ವ ಬಂದಳು. ಕೊಬ್ಬರಿ, ಅಂಟು, ಉತ್ತತ್ತಿ, ಬಜೆಬೇರು, ಹಳೆಯ ಧೋತರದ ತುಂಡುಗಳು, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಂದಿದ್ದಳು. ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕಬ್ಬಿಣದ ಅಗ್ಗಿಷ್ಟಿಗೆ. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಿಪಿ ಅವತ್ತೇ ಇಳಿದಿರಬೇಕು.

ಆದರೆ ಬಿಪಿಯನ್ನು ನಂಬುವವರು ಯಾರು? ವಾರವಾರ ಮುನ್ಸಿಪಾಲ್ಟಿಯ ಹೆರಿಗೆ ಆಸ್ಪತ್ರೆಗೆ ಹೋಗಿ ತೋರಿಸಿ ಬರಬೇಕಿತ್ತು. ಅಲ್ಲಿ ಬುಧವಾರ ಹಿಂದಿನ ಕೋಣೆಯಲ್ಲಿ ಒಬ್ಬ ಸಿಸ್ಟರ್ ಬಸುರಿಯರಿಗೂ ಬಾಣಂತಿಯರಿಗೂ ಕ್ಲಾಸು ತೆಗೆದುಕೊಳ್ಳುತ್ತಿದ್ದಳು. ಬಿಪಿ ನೋಡಿಸಿದ ಮೇಲೆ ಎಲ್ಲರೂ ಅಲ್ಲಿ ಕೂರಬೇಕು. ಜೊತೆಗೆ ಬಂದ ಅತ್ತೆಯೋ ಅವ್ವನೋ ಕೂಡ ಕೂರಲೇಬೇಕು, ಹೊರಗೆ ಬೆಂಚಿನ ಮೇಲೆ ಕೂತರೆ ಆಕೆಯೇ ಬಂದು ಕೈಹಿಡಿದು ಕರೆದೊಯ್ಯುತ್ತಿದ್ದಳು. ನಲವತ್ತು ದಾಟಿದ, ಎತ್ತರದ ಹೆಂಗಸು. ಕನ್ನಡಕವನ್ನು ಕೊರಳಿಗೆ ದಾರದಲ್ಲಿ ಇಳಿಬಿಟ್ಟಿದ್ದಳು. ನಮ್ಮ ಜೊತೆ ಜಮಖಾನೆಯ ಮೇಲೆ ಚಕ್ಕಲಬಕ್ಕಲ ಹಾಕಿ ಕೂತರೂ ಅವಳೇ ಮೇಲೆ ಕೂತಂತೆ ಕಾಣುತ್ತಿತ್ತು. ಮೊದಲ ನೋಟಕ್ಕೇ ನನಗೆ ಅವಳು ಸೇರಲಿಲ್ಲ.

ಮೊದಲ ಬುಧವಾರ ಅವಳು ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಶುರು ಮಾಡಿದಳು. ಹುಟ್ಟಿದ ಕೂಡಲೇ ಎದೆಗೆ ಹಾಕಬೇಕು, ಜೇನುತುಪ್ಪ ನೆಕ್ಕಿಸಬಾರದು, ಆರು ತಿಂಗಳು ನೀರು ಕೂಡ ಬೇಡ. ಬಾಣಂತಿ ಕೋಣೆಯ ಕಿಟಕಿ ತೆಗೆದಿರಬೇಕು. ಒಳಗೆ ಕೆಂಡ ಇಡಕೂಡದು, ಹೊಗೆ ಹಾಕಕೂಡದು. ಪಕ್ಕದಲ್ಲಿ ಅವ್ವ ಚಡಪಡಿಸುತ್ತಿದ್ದಳು. ಗಡಿಯವಳಾದ್ದರಿಂದ ಮರಾಠಿ ಅವಳಿಗೆ ತಿಳಿಯುತ್ತದೆ. ಕೊನೆಗೆ ತಡೆಯಲಾರದೆ ನನ್ನ ಕಿವಿಯಲ್ಲಿ, ಅಂದರೆ ಕೋಣೆಗೆಲ್ಲ ಕೇಳುವಂತೆ, "ಈಕಿ ಹಡದಾಳೇನು ಕೇಳು" ಅಂದಳು.

ಸಿಸ್ಟರ್ ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದಳು. "ಇಲ್ಲವ್ವಾ, ನಾ ಹಡದಿಲ್ಲ. ಹಡಿಸೀನಿ" ಅಂದಳು. ಅಚ್ಚ ನಮ್ಮ ಕಡೆಯ ಕನ್ನಡ.

ಅವಳು ಸೊಲ್ಲಾಪುರದವಳು. ತಾಯಿ ಇಂಡಿ ಕಡೆಯವಳಂತೆ, ತೀರಿಹೋಗಿ ಬಹಳ ವರ್ಷವಾಯಿತಂತೆ. "ಅವ್ವ ಹ್ವಾದ ಮ್ಯಾಲ ಕನ್ನಡ ಕೇಳಿದ್ದ ಇಲ್ಲ ನೋಡ್ರಿ" ಅಂದಳು. ಅವ್ವನ ಮುಖ ಬೆಣ್ಣೆಯ ಹಾಗೆ ಕರಗಿತು. ನಾನು ಅದನ್ನು ಕಣ್ಣಾರೆ ಕಂಡೆ. ಈ ಊರಿನಲ್ಲಿ ವಯಸ್ಸಾದ ಹೆಂಗಸನ್ನು ಮಾವಶಿ ಅನ್ನುತ್ತಾರೆ, ಆಂಟಿ ಅನ್ನುತ್ತಾರೆ, ಅಮ್ಮಾ ಅನ್ನುತ್ತಾರೆ. ಅವ್ವಾ ಅನ್ನುವವಳು ಇಷ್ಟು ದೊಡ್ಡ ಮುಂಬೈಯಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ. ಹೊಟ್ಟೆಯಲ್ಲಿ ಕೂಸು ಒದೆಯಿತು, ಅದಕ್ಕೂ ಸಿಟ್ಟು ಬಂದಿತ್ತೇನೋ.

ಆದರೂ ಜಗಳ ಹತ್ತುತ್ತದೆ ಎಂಬ ಆಸೆ ನನಗಿತ್ತು. ಹತ್ತಿತು ಕೂಡ. ಮೊದಲ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು ಎಂದಳು ಅವ್ವ. ಸಿಸ್ಟರ್ ಕೇಳಿದಳು, "ನಿಮ್ಮ ಮನ್ಯಾಗ ಎಮ್ಮಿ ಈದಾಗ ಕರಕ್ಕ ಗಿಣ್ಣದ ಹಾಲು ಬಿಡಾಂಗಿಲ್ಲೇನು?"

"ಬಿಡದ ಏನು, ಕರಾ ಉಳೀಬೇಕಲ್ಲ."

"ಮತ್ತ ನಮ್ಮ ಕೂಸು ಏನ್ ಪಾಪಾ ಮಾಡೇತಿ?"

ಅವ್ವ ಸುಮ್ಮನಾದಳು. ಅವ್ವ ಸುಮ್ಮನಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೆರೆದವರಿಗೆಲ್ಲ ಸಿಸ್ಟರ್ ಅದನ್ನು ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿದಳು, ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆಮೇಲೆ ಸಿಸ್ಟರ್ ಪ್ಲಾಸ್ಟಿಕ್ಕಿನ ಟಬ್ಬು ತಂದಿಟ್ಟು ಕೂಸಿಗೆ ಎರೆಯುವುದನ್ನು ತೋರಿಸಹೊರಟಾಗ ಅವ್ವ ಮತ್ತೆ ಬಾಯಿ ಹಾಕಿದಳು. "ಇದೇನು ಅರಬಿ ಒಗ್ಯೂದೇನು? ಕಾಲ ಮ್ಯಾಲ ಹಾಕ್ಕೊಂಡ ಎರೀಬೇಕು."

ಸಿಸ್ಟರ್ ವಾದ ಮಾಡಲಿಲ್ಲ. ತನ್ನ ಕೈಯಲ್ಲಿದ್ದ ಗೊಂಬೆಯನ್ನು ಅವ್ವನ ಮಡಿಲಿಗೆ ಹಾಕಿ, "ಬರ್ರಿ, ನೀವ ತೋರಸ್ರಿ" ಎಂದು ಜಾಗ ಬಿಟ್ಟುಕೊಟ್ಟಳು.

ಆಮೇಲೆ ಎಷ್ಟೋ ಬುಧವಾರ ನೋಡಿ ನನಗೆ ಅರ್ಥವಾಯಿತು, ಅದು ಅವಳ ಕೆಲಸದ ರೀತಿ. ಬಸುರಿಯರಿಗೆ ಎಷ್ಟು ಪಾಠ ಹೇಳಿದರೂ ಮನೆಗೆ ಹೋದ ಮೇಲೆ ನಡೆಯುವುದು ಮುದುಕಿಯ ಮಾತು. ಅದಕ್ಕೇ ಅವಳು ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ಗೊಣಗುವ ಹಿರಿಯಳು ಯಾರೆಂದು ಹುಡುಕಿ, ಅವಳನ್ನೇ ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ವೈರಿಯನ್ನು ಗೆಲ್ಲುವುದಕ್ಕಿಂತ ಮಾಸ್ತರಿಕೆ ಕೊಟ್ಟುಬಿಡುವುದು ಸುಲಭ ಅಂತ ಅವಳಿಗೆ ಗೊತ್ತಿತ್ತು. ಹಿಂದೆ ಯಾರ್‍ಯಾರಿಗೆ ಕೊಟ್ಟಿದ್ದಳೋ, ಆ ವರ್ಷ ನನ್ನ ಅವ್ವನಿಗೆ ಕೊಟ್ಟಳು.

ಅವ್ವ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಾಲು ಚಾಚಿ ಕೂತಳು. ಗೊಂಬೆಯನ್ನು ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿ, ಒಂದು ಕೈಯನ್ನು ಗಲ್ಲದ ಕೆಳಗೆ ಕೊಟ್ಟು, ಇನ್ನೊಂದು ಕೈಯಿಂದ ಬರಿಯ ತಂಬಿಗೆಯಲ್ಲಿ ಇಲ್ಲದ ನೀರು ಸುರಿಯತೊಡಗಿದಳು. ಬೋರಲು ಹಾಕಿದಳು, ಬೆನ್ನು ತಿಕ್ಕಿದಳು, ಕೈಕಾಲು ಅಡ್ಡಡ್ಡ ಎಳೆದಳು. ಬಾಯಲ್ಲಿ ಕೂಸಿನ ಜೊತೆ ಮಾತು. ಹೆಂಗಸರು ಎದ್ದು ನಿಂತು ನೋಡಿದರು, ಒಬ್ಬಳು ಮೊಬೈಲಿನಲ್ಲಿ ತೆಗೆದುಕೊಂಡಳು. "ಕಿವಿಗೆ ಮೂಗಿಗೆ ಎಣ್ಣಿ ಬಿಡಬ್ಯಾಡ್ರಿ ಅವ್ವಾ, ಉಳಿದಿದ್ದೆಲ್ಲಾ ಹಿಂಗ" ಎಂದು ಸಿಸ್ಟರ್ ಅವ್ವನ ಭುಜ ತಟ್ಟಿದಳು. ಸಂಜೆಯೊಳಗೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಅವ್ವ ಬಂದಿದ್ದಳು. ಕೆಳಗೆ ಕೈಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಿದ್ದಿದ್ದವು.

ಆಮೇಲಿನ ಬುಧವಾರಗಳಲ್ಲಿ ಅವ್ವ ನನಗಿಂತ ಮೊದಲೇ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. ನನ್ನ ಬಿಪಿ ನೋಡಿಸಲು ಹೋಗುತ್ತಿದ್ದೇವೆ ಎಂಬುದು ನನ್ನೊಬ್ಬಳಿಗೇ ನೆನಪಿರುತ್ತಿತ್ತು. ಬುಧವಾರ ಮಾತ್ರ ಬಿಪಿ ಏರುತ್ತಿತ್ತು. "ಉಪ್ಪು ಕಡಿಮಿ ಮಾಡ್ರಿ" ಎನ್ನುತ್ತಿದ್ದಳು ಸಿಸ್ಟರ್. ಉಪ್ಪೇನು ಮಾಡಿತ್ತು ಪಾಪ.

ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು. ನನಗೆ ಪೂರಾ ಎಚ್ಚರವಾಗುವುದರೊಳಗೆ ಸಿಸ್ಟರ್ ಕೂಸನ್ನು ಎದೆಗೆ ಹಚ್ಚಿದ್ದಳು, ಅವ್ವ ಅವಳ ಪಕ್ಕದಲ್ಲಿ ನಿಂತು ಗಿಣ್ಣದ ವಿಷಯವನ್ನು ಅಕ್ಕಪಕ್ಕದ ಮಂಚದವರಿಗೆ ಹೇಳುತ್ತಿದ್ದಳು. ನನ್ನ ಮುಖ ಒರೆಸಲಿಕ್ಕೆ ಅವಳಿಗೆ ಆಮೇಲೆ ನೆನಪಾಯಿತು.

ಇರಲಿ, ಮನೆಗೆ ಹೋಗೋಣ, ಬಾಗಿಲು ಹಾಕಿಸುತ್ತೇನೆ ಅಂದುಕೊಂಡೆ. ಮನೆಗೆ ಬಂದವಳೇ ಮಂಚದ ಮೇಲೆ ಮಲಗಿ, "ಅವ್ವಾ, ಕೆಂಡಾ ಮಾಡು" ಅಂದೆ.

"ಸಿಸ್ಟರ್ ಬ್ಯಾಡಂದಾಳ" ಅಂದಳು ಅವ್ವ. ಅಷ್ಟೇ ಅಲ್ಲ, ಹೋಗಿ ಕಿಟಕಿ ತೆಗೆದಳು. ಬೆಸ್ಟ್ ಬಸ್ಸಿನ ಹಾರನ್ನು, ಪಕ್ಕದ ಮನೆಯ ಬೊಂಬಿಲ್ ಮೀನು ಹುರಿಯುವ ವಾಸನೆ, ಕೆಳಗೆ ತರಕಾರಿ ಮಾರುವ ಭಾಜಿವಾಲನ ಕೂಗು, ಎಲ್ಲವೂ ನನ್ನ ಬಾಣಂತಿ ಕೋಣೆಯೊಳಗೆ ಬಂದವು. ಫ್ಯಾನನ್ನೂ ಸಣ್ಣಗೆ ಹಚ್ಚಿದಳು. ನಾನು ಅತ್ತೆ. ಬಿ.ಎಸ್ಸಿ. ಮುಗಿಸಿದವಳು ಕೆಂಡಕ್ಕಾಗಿ ಅಳುವುದನ್ನು ನೋಡಿ ಗಂಡನಿಗೆ ನಗು ಬಂತು, ನನ್ನ ಕಣ್ಣು ನೋಡಿ ನಗು ನುಂಗಿಕೊಂಡ. ಹೊಲಿಗೆ ಮಾಯುವವರೆಗೆ ಹೊಟ್ಟೆಗೆ ಬಟ್ಟೆ ಬಿಗಿಯುವುದೂ ಇಲ್ಲ, ತಲೆಗೆ ಸುಡುನೀರು ಸುರಿಯುವುದೂ ಇಲ್ಲ. ಅಕ್ಕಂದಿರಿಗೆ ಆದದ್ದು ಯಾವುದೂ ನನಗಿಲ್ಲ. ವಿಜಯಪುರದಿಂದ ಹೊತ್ತು ತಂದ ಅಗ್ಗಿಷ್ಟಿಗೆಯಲ್ಲಿ ಅವ್ವ ಉಳ್ಳಾಗಡ್ಡಿ ತುಂಬಿ ಗ್ಯಾಲರಿಯಲ್ಲಿಟ್ಟಳು.

ಹಿರಿಯ ಅಕ್ಕ ವಿಡಿಯೋ ಕಾಲ್ ಮಾಡಿದಾಗ ತೆರೆದ ಕಿಟಕಿಯನ್ನೂ ತಿರುಗುವ ಫ್ಯಾನನ್ನೂ ನೋಡಿ ಅವಳ ಮುಖ ದಪ್ಪಗಾಯಿತು. "ನಮ್ಮನ್ನ ಬ್ಯಾಸಗಿಯೊಳಗ ಬದನಿಕಾಯಿ ಸುಟ್ಟಂಗ ಸುಟ್ಟಾಳ. ನಿನಗ ನೋಡು ಫ್ಯಾನ್ ಅಂತ, ಗಾಳಿ ಅಂತ. ಕೊನೀ ಮಗಳಂದ್ರ ಹಿಂಗ" ಅಂದಳು. ನನ್ನ ಮೇಲೆ ಅವಳಿಗೆ ಹೊಟ್ಟೆಕಿಚ್ಚು! ಜೀವಮಾನದಲ್ಲಿ ಮೊದಲ ಸಲ. ಅರ್ಧ ದಿನ ಆ ಖುಷಿಯಲ್ಲೇ ಕಳೆದೆ. ಆಮೇಲೆ ನೆನಪಾಯಿತು, ಅವಳನ್ನು ಸುಡುವಾಗ ಅವ್ವ ಪಕ್ಕದಲ್ಲಿ ಕೂತು ತಾನೂ ಬೇಯುತ್ತಿದ್ದಳು. ನನ್ನ ಪಕ್ಕದಲ್ಲಿ ಫ್ಯಾನಿನ ಗಾಳಿಯಿತ್ತು, ಅವ್ವ ಇರಲಿಲ್ಲ.

ಅವ್ವ ಕೆಳಗಿನ ಮನೆಯಲ್ಲಿದ್ದಳು. ನಮ್ಮ ಕೆಳಗೆ ಒಂದು ತಮಿಳು ಹುಡುಗಿ ಇದ್ದಳು, ನನ್ನ ಹಿಂದೆಯೇ ಹಡೆದವಳು, ಬುಧವಾರದ ಕ್ಲಾಸಿನವಳು. ತಾನೇ ಮೆಚ್ಚಿ ಮದುವೆಯಾದ್ದರಿಂದ ಎರಡೂ ಕಡೆಯವರು ಬಂದಿರಲಿಲ್ಲ. ಹಡೆದವರ ಮನೆಗಳಿಗೆ ಸಿಸ್ಟರ್ ಬಂದು ನೋಡಿ ಹೋಗುವ ಪದ್ಧತಿ ಇತ್ತು. ಹಾಗೆ ಬಂದವಳು ಆ ಹುಡುಗಿಯ ಮನೆ ನೋಡಿ, ಮೇಲೆ ಬಂದು ಅವ್ವನಿಗೆ ಹೇಳಿದಳು. ಮರುದಿನದಿಂದ ಅವ್ವ ನನ್ನ ಕೂಸಿಗೆ ಎರೆದು, ಧೋತರದ ತುಂಡಿನಲ್ಲಿ ಸುತ್ತಿ, ನನ್ನ ಪಕ್ಕ ಮಲಗಿಸಿ, ಕೆಳಗಿಳಿಯುತ್ತಿದ್ದಳು. ಇವಳಿಗೆ ತಮಿಳು ಬಾರದು, ಅವಳಿಗೆ ಕನ್ನಡ ಬಾರದು. ಆದರೂ ಏನು ಮಾತು, ಏನು ನಗು. ಕಿಟಕಿ ತೆಗೆದಿತ್ತಲ್ಲ, ಎಲ್ಲ ಕೇಳುತ್ತಿತ್ತು. ಕೆಲವೇ ದಿನಗಳಲ್ಲಿ ಕಾಲನಿಯ ಇನ್ನೂ ಎರಡು ಮನೆಗಳಿಗೆ ಸಿಸ್ಟರ್ ಅವ್ವನನ್ನು ಕರೆದುಕೊಂಡು ಹೋದಳು. ಅಂಟಿನ ಉಂಡಿಯ ಡಬ್ಬಿ ದಿನದಿನಕ್ಕೆ ಹಗುರಾಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲ ಗಿಡ ಊರಿಗೆಲ್ಲ ಮದ್ದಾಯಿತು, ನನಗೆ ಎಲೆಯೂ ಉಳಿಯಲಿಲ್ಲ.

ನಾನೂ ಹಟ ಹಿಡಿದೆ. ಕೆಂಡವಿಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಹಾಲು ಕುಡಿಸುವುದೊಂದನ್ನು ಬಿಟ್ಟು ಕಡ್ಡಿ ಎತ್ತಿಡಲಿಲ್ಲ. ಹೊಲಿಗೆ ಮಾಯ್ದ ಮೇಲೆ ಸಿಸ್ಟರ್ ಓಡಾಡು ಅಂದಳು, ನಾನು ಬೇಕೆಂತಲೇ ಮಲಗಿದೆ. ಬೆಳಿಗ್ಗೆ ಕೂಸಿಗೆ ಎರೆಯುವಾಗ ಅವ್ವ ಬಚ್ಚಲಿಂದ ಕೂಗುತ್ತಿದ್ದಳು, "ಬಾರಽ, ನೋಡಿ ಕಲಕೋ."

"ಬಾಣಂತಿ ಅದೀನಿ ನಾ, ಏಳಬಾರದು" ಎಂದು ಗೋಡೆಯ ಕಡೆ ತಿರುಗುತ್ತಿದ್ದೆ. ಅಕ್ಕಂದಿರು ಎದ್ದು ನೋಡಿದ್ದರೇನು? ಅವರಿಗಿಲ್ಲದ ಕೆಲಸ ನನಗ್ಯಾಕೆ?

ಒಂದು ಮಧ್ಯಾಹ್ನ ಸಿಸ್ಟರ್ ನನ್ನನ್ನು ನೋಡಲು ಬಂದಳು. ಅವ್ವ ಚಹಾ ಇಡಲು ಒಳಗೆ ಹೋದಾಗ, ಎಲ್ಲ ಬಾಣಂತಿಯರನ್ನೂ ಕೇಳುವ ಪ್ರಶ್ನೆಗಳನ್ನು ನನ್ನನ್ನೂ ಕೇಳಿದಳು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಕಾರಣವಿಲ್ಲದೆ ಅಳು ಬರುತ್ತದೆಯೇ. "ಹೆಣ್ಣಮಕ್ಕಳು ಹೇಳಾಂಗಿಲ್ಲ. ನೀವು ಮುಚ್ಚಿಡಬ್ಯಾಡ್ರಿ" ಅಂದಳು.

"ಅಳು ಇಲ್ಲ, ಸಿಟ್ಟು ಬರ್ತದ" ಅಂದೆ.

"ಯಾರ ಮ್ಯಾಲ?"

"ನಿಮ್ಮ ಮ್ಯಾಲ."

ಅವಳು ಬೆಚ್ಚಲಿಲ್ಲ. ಕನ್ನಡಕ ಹಾಕಿಕೊಂಡು ನನ್ನನ್ನು ಒಂದು ಸಲ ಸರಿಯಾಗಿ ನೋಡಿದಳು. "ಛಲೋ ಆತು. ಸುಮ್ಮ ಕುಂತು ಅಳೂದಕಿಂತ ಒಬ್ಬರ ಮ್ಯಾಲ ಸಿಟ್ಟ ಮಾಡೂದ ಛಲೋ. ದಿನಾ ಬೈರಿ. ಅಳು ಬಂದ್ರ ಮಾತ್ರ ನನಗ ಫೋನ್ ಮಾಡ್ರಿ" ಅಂದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅವ್ವಾ, ಇವತ್ತ ಕೆಳಗ ನಾ ನೋಡ್ಕೋತೀನಿ. ನೀವು ಮಗಳ ಕಡೆ ಕುಂಡ್ರರಿ" ಎಂದು ಹೇಳಿ ಹೋದಳು.

ಅವ್ವ ಬಂದು ಕೂತಳು, ಕಾಲು ಒತ್ತಿದಳು. ನಾನು ಚಿಕ್ಕಂದಿನಿಂದ ಕಾದದ್ದು ಅದೇ. ಆದರೆ ಸಿಸ್ಟರ್ ಚೀಟಿ ಬರೆದು ಕೊಟ್ಟ ಗುಳಿಗೆಯಂತೆ ಅವ್ವ ನನಗೆ ಬಂದಿದ್ದಳು. ನನ್ನ ಅವ್ವನನ್ನು ನನಗೆ ಕೊಡಲಿಕ್ಕೆ ಅವಳು ಯಾರು? ಕಾಲು ಎಳೆದುಕೊಂಡೆ.

"ಏನಾತಽ?" ಅಂದಳು ಅವ್ವ.

"ನೀ ನನ್ನ ಬಾಣಂತನಕ್ಕ ಬಂದೀಯೋ, ಕಾಲನಿ ಬಾಣಂತನಕ್ಕ ಬಂದೀಯೋ?"

ಕೇಳಿಯೇಬಿಟ್ಟೆ. ಕೇಳಿದ ಮೇಲೆ ನಿಲ್ಲಲಿಲ್ಲ. ಕೆಂಡ, ಕಿಟಕಿ, ಉಂಡಿ, ಅಕ್ಕಂದಿರು, ಆ ಕತ್ತಲೆ ಕೋಣೆಯ ಬಾಗಿಲು, ಎಲ್ಲವನ್ನೂ ಹೇಳಿದೆ. ಅವ್ವ ನಡುವೆ ಬಾಯಿ ಹಾಕದೆ ಕೇಳಿದಳು. ಸಿಸ್ಟರ್ ಬಂದಾಗಿನಿಂದ ಅವಳು ಹೊಸದಾಗಿ ಕಲಿತ ಗುಣ ಅದು, ಸುಮ್ಮನಿರುವುದು.

"ಮುಯ್ಯಿ ಹಾಕಾಕತ್ತೀನಿ" ಅಂದಳು ಕೊನೆಗೆ.

ಮುಯ್ಯಿ ಅಂದರೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಇನ್ನೊಬ್ಬರ ಮನೆಯ ಕಾರ್ಯಕ್ಕೆ ನಾವು ಸೀರೆಯನ್ನೋ ದುಡಿಮೆಯನ್ನೋ ಕೊಟ್ಟರೆ, ನಮ್ಮ ಮನೆಯ ಕಾರ್ಯಕ್ಕೆ ಅವರು ತಿರುಗಿ ತರಬೇಕು. ಅವ್ವ ಹೇಳಿದಳು, "ನಾ ಎಷ್ಟ ದಿನಾ ಇರಾಕಿ ಇಲ್ಲೆ? ನಾ ಹ್ವಾದ ಮ್ಯಾಲ ಕೂಸಿಗೆ ಮೈ ಬಿಸಿ ಆತಂದ್ರ ಯಾರ ಬಾಗಲಾ ಬಡೀತಿ? ಇಲ್ಲಿಂದ ಅವ್ವಾ ಅಂತ ಒದರಿದ್ರ ವಿಜಯಪುರಕ್ಕ ಕೇಳ್ತದೇನು? ನಿಮ್ಮ ಅಕ್ಕಗೋಳಿಗೆ ನಾ ಇದ್ದೆ, ಊರೂ ಇತ್ತು. ನಿನಗ ಊರ ಇಲ್ಲ. ಅದನ್ನ ಮಾಡಿಟ್ಟ ಹೋಗಾಕತ್ತೀನಿ."

"ನನಗ ಊರ ಬ್ಯಾಡ" ಅಂದೆ. "ನೀ ಬೇಕು."

ಅವ್ವ ಎದ್ದು ಹೋಗಿ ಆರಿದ ಚಹಾವನ್ನು ಮತ್ತೆ ಬಿಸಿ ಮಾಡಿ ತಂದುಕೊಟ್ಟಳು. ಅವಳ ಮಾತಿಗೆ ನನ್ನ ಮನಸ್ಸು ಕರಗಿತು ಅಂತ ಬರೆದರೆ ಸುಳ್ಳಾಗುತ್ತದೆ. ಅವಳು ಹೇಳಿದ್ದು ಸರಿ ಅನ್ನುವುದು ಗೊತ್ತಾಯಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಕೂಸಿಗೆ ಮೂರು ತಿಂಗಳು ತುಂಬುವಷ್ಟರಲ್ಲಿ ಅಪ್ಪ ಕರೆಯತೊಡಗಿದ. ಅವ್ವ ಹೊರಟಳು. ಹೊರಡುವ ಬೆಳಿಗ್ಗೆ ಸಿಸ್ಟರ್ ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಂದು ಅವ್ವನ ಕಾಲಿಗೆ ಬಿದ್ದಳು. ಅವ್ವ ಅವಳನ್ನು ಎಬ್ಬಿಸಿ ಅಪ್ಪಿಕೊಂಡಳು, ಎಷ್ಟು ಹೊತ್ತು ಅಂತೀರಿ! ಕೆಳಗಿನ ಹುಡುಗಿ ಕೂಸನ್ನು ಹೊತ್ತುಕೊಂಡೇ ಟ್ಯಾಕ್ಸಿಯ ತನಕ ಬಂದು ಬಿಕ್ಕಿದಳು. ನಾನು ಅಳಲಿಲ್ಲ. ಅಷ್ಟು ಜನರ ಜೊತೆ ಸಾಲಿನಲ್ಲಿ ನಿಂತು ಅಳುವುದು ನನಗೆ ಬೇಕಿರಲಿಲ್ಲ.

ಮರುದಿನ ಕೂಸಿಗೆ ಎರೆಯುವ ಹೊತ್ತಾಯಿತು. ಬಚ್ಚಲಲ್ಲಿ ಬಿಸಿನೀರು ತೋಡಿದೆ, ಕೂತೆ, ಎದ್ದೆ. ಕೊನೆಗೆ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸಿ ಸುತ್ತಿಬಿಟ್ಟೆ. ಅದರ ಮರುದಿನವೂ ಅಷ್ಟೇ. ದಿನವೂ ಎರೆಸಿಕೊಂಡು ಅಭ್ಯಾಸವಾಗಿದ್ದ ಕೂಸು ಆ ಹೊತ್ತಿಗೆ ಸರಿಯಾಗಿ ಅಳಲು ಶುರು ಮಾಡುತ್ತಿತ್ತು, ಬಟ್ಟೆಯಿಂದ ಒರೆಸಿದರೆ ಇನ್ನೂ ಜೋರಾಗಿ ಅಳುತ್ತಿತ್ತು.

ಬುಧವಾರ ಲಸಿಕೆಗೆಂದು ಹೋದೆ. ಹಿಂದಿನ ಕೋಣೆ ಹೊಸ ಬಸುರಿಯರಿಂದ ತುಂಬಿತ್ತು. ಗುಂಪಿನಲ್ಲಿ ವಿಡಿಯೋ ನೋಡಿದವರು, "ವೊ ಅವ್ವಾ ಕಹಾಂ ಹೈ?" ಎಂದು ಅವ್ವನನ್ನು ಹುಡುಕುತ್ತಿದ್ದರು. ಅವ್ವ ಅನ್ನುವುದು ಅವರಿಗೆಲ್ಲ ಅವಳ ಹೆಸರೇ ಆಗಿಬಿಟ್ಟಿತ್ತು. ಸಿಸ್ಟರ್ ನನ್ನನ್ನು ಕಂಡು ಕೈ ಮಾಡಿ ಕರೆದಳು. "ಅವ್ವಾ ಗಾವ್ ಗಯೀ. ಆಜ್ ಉನ್ಕೀ ಬೇಟಿ ದಿಖಾಯೇಗೀ" ಎಂದು, ಅವ್ವ ಊರಿಗೆ ಹೋದಳು, ಇವತ್ತು ಮಗಳು ತೋರಿಸುತ್ತಾಳೆ ಅಂತ ಎಲ್ಲರಿಗೂ ಹೇಳಿ, ನನಗೆ ಕನ್ನಡದಲ್ಲಿ, "ಬರ್ರಿ, ಎರಿಯೂದು ತೋರಸ್ರಿ" ಅಂದಳು.

ಅವ್ವನ ಮಗಳು ನಾನು, ಅದು ಎಲ್ಲರ ಮುಂದೆ ಗೊತ್ತಾಗಲಿ ಎಂಬ ಹೆಮ್ಮೆಯಿಂದಲೇ ಹೋಗಿ ಕಾಲು ಚಾಚಿ ಕೂತೆ. ಗೊಂಬೆಯನ್ನು ಹಾಕಿಕೊಂಡೆ. ಅದು ಕಾಲುಗಳ ನಡುವೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ತಲೆಯನ್ನು ಮೊಣಕಾಲ ಕಡೆ ಇಡಬೇಕೋ ಪಾದದ ಕಡೆಯೋ? ಯಾವ ಕೈ ಗಲ್ಲಕ್ಕೆ? ಬೋರಲು ಹಾಕುವಾಗ ಅವ್ವ ಎಲ್ಲಿ ಹಿಡಿಯುತ್ತಿದ್ದಳು?

"ನೀವು ನೋಡಿಲ್ಲೇನು?" ಸಿಸ್ಟರ್ ಮೆಲ್ಲಗೆ ಕೇಳಿದಳು.

"ನಾ ಬಾಣಂತಿ ಇದ್ದೆ" ಅಂದೆ.

ಕೆಳಗಿನ ಮನೆಯ ಹುಡುಗಿ ತನ್ನ ಕೂಸನ್ನು ಪಕ್ಕದವಳ ಕೈಗೆ ಕೊಟ್ಟು ಬಂದು ನನ್ನ ಬಗಲಲ್ಲಿ ಕೂತಳು. ನೈಟಿಯನ್ನು ಮೊಣಕಾಲ ತನಕ ಎತ್ತಿ ಕಾಲು ಚಾಚಿದಳು. ಗೊಂಬೆಯನ್ನು ಕಾಲ ಮೇಲೆ ಹಾಕಿಕೊಂಡು ಗಲ್ಲದ ಕೆಳಗೆ ಕೈ ಕೊಟ್ಟಳು, ತಿರುವಿದಳು, ಬೆನ್ನು ತಿಕ್ಕಿದಳು. ಕೈಕಾಲು ಎಳೆಯುವಾಗ ಅವ್ವ ಆಡುತ್ತಿದ್ದ ಮಾತುಗಳನ್ನು ಕೂಡ, ಅರ್ಥ ಗೊತ್ತಿಲ್ಲದಿದ್ದರೂ, ಹಾಗೆಯೇ ಆಡಿದಳು. "ಬಿಲ್ಕುಲ್ ಅವ್ವಾ ಜೈಸಾ" ಎಂದಳೊಬ್ಬಳು. ನಿಜ, ಥೇಟ್ ಅವ್ವನ ಹಾಗೆಯೇ. ನಾನು ಎಷ್ಟೋ ಕಾಲದಿಂದ ಬೇಕು ಬೇಕು ಅಂದದ್ದು ನನ್ನ ಮನೆಯ ಬಚ್ಚಲಲ್ಲೇ ದಿನವೂ ನಡೆಯುತ್ತಿತ್ತು, ಕೂಗಿ ಕರೆಯುತ್ತಿತ್ತು. ಗೋಡೆಯ ಕಡೆ ತಿರುಗಿ ಮಲಗಿದ ನನ್ನನ್ನು ಬಿಟ್ಟು, ಅದು ಕಾಲನಿಯ ಹೆಂಗಸರಿಗೆಲ್ಲ ಬಂದಿತ್ತು. ಅಷ್ಟು ಹೊಟ್ಟೆ ಉರಿದದ್ದು ಅಕ್ಕಂದಿರ ಬಾಣಂತನದಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಅಳುವ ಕೂಸನ್ನೂ ಒಂದು ಟವೆಲನ್ನೂ ತೆಗೆದುಕೊಂಡು ಮೆಟ್ಟಿಲಿಳಿದು ಕೆಳಗಿನ ಹುಡುಗಿಯ ಬಾಗಿಲು ಬಡಿದೆ. ಬಾಗಿಲು ತೆಗೆದವಳು ನನ್ನ ಕೈಯಲ್ಲಿದ್ದ ಟವೆಲ್ ನೋಡಿದಳು. ಯಾಕೆ ಬಂದೆ ಅಂತ ಕೇಳಲಿಲ್ಲ, ಬಚ್ಚಲಿಗೆ ಹೋಗಿ ನೀರು ತೋಡಿದಳು. ನಾನು ಕೂಸನ್ನು ಅವಳ ಕೈಗೆ ಕೊಡಹೋದೆ. ಅವಳು ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೆಲಕ್ಕೆ ಕೂರಿಸಿ, ಕಾಲು ಚಾಚಿಸಿ, ಪಾದಗಳನ್ನು ಜೋಡಿಸಿ, ಕೂಸನ್ನು ನನ್ನ ಕಾಲ ಮೇಲೆಯೇ ಮಲಗಿಸಿದಳು. ಗಲ್ಲದ ಕೆಳಗೆ ನಾನು ಕೈಯನ್ನು ತಪ್ಪು ಕೊಟ್ಟೆ. ಮುಂಗೈ ಮೇಲೆ ಪಟ್ಟನೆ ಒಂದು ಏಟು ಹಾಕಿ ಅವಳು ಅದನ್ನು ಸರಿಮಾಡಿದಳು. ಅವ್ವ ಕಲಿಸುವಾಗ ಹೀಗೆಯೇ ಹೊಡೆಯುತ್ತಿದ್ದಳಾ ಅಂತ ಹಿಂದಿಯಲ್ಲಿ ಕೇಳಿದೆ.

"ರೋಜ್" ಅಂದಳು, ದಿನವೂ ಅಂತೆ.

ನೀರು ಸುರಿದೆ. ಕೂಸು ಅಳು ನಿಲ್ಲಿಸಿತು. ನಾನು ಇನ್ನೊಂದು ಸಲ ಕೈ ತಪ್ಪಿಟ್ಟೆ.